ಮೂವತ್ತು ಮೆಟ್ಟಿಲು ಹತ್ತಿದರೆ ಸವದತ್ತಿ

ಮುಂಬಯಿಯ ಟೌನ್ ಹಾಲ್ ಕಟ್ಟಲು ಮೊದಲು ಹಣ ಕೂಡಿಸಿದ್ದು ಲಾಟರಿ ಟಿಕೆಟು ಮಾರಿ. ಊರಿಗೊಂದು ದೊಡ್ಡ ಸಭಾಭವನ ಬೇಕು ಎಂಬ ಮಾತನ್ನು 1811ರಲ್ಲಿ ಎತ್ತಿದವರು ಸರ್ ಜೇಮ್ಸ್ ಮ್ಯಾಕಿಂಟಾಷ್. ಆಗ ಅವರು ಇಲ್ಲಿಯ ರೆಕಾರ್ಡರ್, ಅಂದರೆ ಕಂಪನಿ ಕಾಲದ ಮುಂಬಯಿಯ ದೊಡ್ಡ ನ್ಯಾಯಾಧೀಶರು. ಮಾತು ಎತ್ತಿದ ವರ್ಷವೇ ಅವರು ಇಂಗ್ಲೆಂಡಿಗೆ ಹೊರಟುಹೋದರು. ಲಾಟರಿ ನಡೆಯಿತು, ಬಂದ ಹಣ ಸಾಲಲಿಲ್ಲ. 1821ರಲ್ಲಿ ಪಾಯ ತೆಗೆದು ಕೆಲಸ ಶುರುವಾದ ಮೇಲೂ ಹಣದ ಮುಗ್ಗಟ್ಟು ತಪ್ಪಲಿಲ್ಲ. ಮತ್ತೆ ಲಾಟರಿ, ಮತ್ತೆ ಕೊರತೆ. ಕಡೆಗೆ ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರವೇ ಉಳಿದ ಖರ್ಚನ್ನು ಹೊತ್ತುಕೊಂಡಿತು. 1833ರಲ್ಲಿ ಕಟ್ಟಡ ಪೂರ್ತಿಯಾಯಿತು.

ನಕ್ಷೆ ಬರೆದವರು ಬಾಂಬೆ ಎಂಜಿನಿಯರ್ಸ್ ಪಡೆಯ ಕರ್ನಲ್ ಥಾಮಸ್ ಕೌಪರ್. ಗ್ರೀಕ್ ದೇವಾಲಯಗಳ ಮಾದರಿ ಅವರ ತಲೆಯಲ್ಲಿತ್ತು. ಮುಂಭಾಗದಲ್ಲಿ ಸಾಲಾಗಿ ಎಂಟು ಡೋರಿಕ್ ಕಂಬಗಳು ನಿಂತಿವೆ. ಬುಡದಿಂದ ತುದಿಯವರೆಗೆ ಉದ್ದುದ್ದ ಗೀರು ಕೊರೆದ, ಇಬ್ಬರು ಕೈಚಾಚಿದರೂ ತಬ್ಬಲಾಗದಷ್ಟು ದಪ್ಪದ ಕಲ್ಲಿನ ಕಂಬಗಳು. ಇವು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದವು. ಬಂದ ಮೇಲೆ ನೋಡಿದರೆ ಎಣಿಸಿದ್ದಕ್ಕಿಂತ ದೊಡ್ಡವಾಗಿದ್ದವಂತೆ. ಹಾಗಾಗಿ ಅರ್ಧದಷ್ಟನ್ನು ಮಾತ್ರ ಇಲ್ಲಿ ನಿಲ್ಲಿಸಿ, ಮಿಕ್ಕವನ್ನು ಬೈಕಳಾದ ಕ್ರೈಸ್ಟ್ ಚರ್ಚಿಗೆ ಕೊಟ್ಟರು ಎಂಬ ಮಾತು ಈ ಕಟ್ಟಡವಿರುವ ಫೋರ್ಟ್ ಬಡಾವಣೆಯಲ್ಲಿ ಇವತ್ತಿಗೂ ಇದೆ. ಕಂಬಗಳ ತನಕ ಹೋಗಬೇಕಾದರೆ ಮೂವತ್ತು ಮೆಟ್ಟಿಲು ಹತ್ತಬೇಕು. ಅಗಲವಾದ, ಬಿಸಿಲಿಗೆ ಬೆಳ್ಳಗೆ ಹೊಳೆಯುವ ಮೆಟ್ಟಿಲುಗಳು. ಸಿನಿಮಾಗಳಲ್ಲಿ ನೀವು ಇವನ್ನು ನೋಡಿಯೇ ಇರುತ್ತೀರಿ. ಮದುವೆಗೆ ಮೊದಲು ಫೋಟೋ ತೆಗೆಸಿಕೊಳ್ಳುವ ಜೋಡಿಗಳು ಈಗ ಬೆಳಗಾದರೆ ಇಲ್ಲಿಗೇ ಬರುತ್ತವೆ.

ನಾನು ಕಾರ್ಕಳದ ಕಡೆಯವನು. ಹೈಸ್ಕೂಲಿಗೆ ಹೋಗುವ ವಯಸ್ಸಿನಲ್ಲಿ ಮುಂಬಯಿಗೆ ಬಂದೆ. ನಮ್ಮ ಕಡೆಯ ಸಾವಿರಾರು ಹುಡುಗರು ಬಂದ ಹಾಗೆಯೇ, ಸಂಬಂಧಿಕರೊಬ್ಬರ ಬೆನ್ನು ಹಿಡಿದು. ಹಗಲು ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿಶಾಲೆ. ಆ ದಿನಗಳಲ್ಲಿ ಈ ಕಟ್ಟಡದ ಸುತ್ತಲಿನ ಆಫೀಸುಗಳಿಗೆಲ್ಲ ಚಹಾ ಒಯ್ಯುತ್ತಿದ್ದೆ. ಒಂದು ಕೈಯಲ್ಲಿ ಕೆಟಲು, ಇನ್ನೊಂದರಲ್ಲಿ ತಂತಿ ಸ್ಟ್ಯಾಂಡಿಗೆ ಸಿಕ್ಕಿಸಿದ ಆರು ಗ್ಲಾಸು. ಟೌನ್ ಹಾಲಿನ ಮೆಟ್ಟಿಲ ಬುಡದಲ್ಲೇ ಓಡಾಡಿದರೂ ಮೇಲೆ ಹತ್ತುವ ಧೈರ್ಯವಾಗಿರಲಿಲ್ಲ. ಅದು ದೊಡ್ಡವರ ಜಾಗ ಅಂತ ನಮಗೆ ಯಾರೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಆ ಕಂಬಗಳೇ ಹೇಳುತ್ತಿದ್ದವು.

ಕಟ್ಟಿಸಿದವರ ಉದ್ದೇಶವೂ ಅದೇ ಆಗಿತ್ತು. ಕಂಪನಿಯ ಅಧಿಕಾರಿಗಳು ಸೇರಲು, ಔತಣ ಮತ್ತು ನೃತ್ಯಕೂಟ ನಡೆಸಲು, ದರ್ಬಾರು ಮಾಡಲು ಕಟ್ಟಿದ ಭವನ ಇದು. ಒಳಗಿನ ದೊಡ್ಡ ಕೋಣೆಗೆ ಈಗಲೂ ದರ್ಬಾರ್ ಹಾಲ್ ಎಂದೇ ಹೆಸರು. 1858ರ ನವೆಂಬರ್ 1ರಂದು ಕಂಪನಿಯ ಆಳ್ವಿಕೆ ಮುಗಿದು ಭಾರತ ನೇರವಾಗಿ ವಿಕ್ಟೋರಿಯಾ ರಾಣಿಯ ಕೈಗೆ ಹೋಯಿತು ಎಂಬ ಘೋಷಣೆಯನ್ನು ಮುಂಬಯಿಯ ಜನರಿಗೆ ಓದಿ ಹೇಳಿದ್ದು ಇದೇ ಮೆಟ್ಟಿಲುಗಳ ಮೇಲಿಂದ. ಆಗ ಧಾರವಾಡ, ಬೆಳಗಾವಿ, ವಿಜಾಪುರ ಎಲ್ಲವೂ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಆ ಊರುಗಳ ಹಣೆಬರಹ ನಿರ್ಧಾರವಾಗುತ್ತಿದ್ದದ್ದು ಈ ಕಟ್ಟಡದ ಆಸುಪಾಸಿನಲ್ಲೇ.

ಹತ್ತಿಯ ಕತೆಯನ್ನೇ ತೆಗೆದುಕೊಳ್ಳಿ. ಟೌನ್ ಹಾಲಿನ ಎದುರು ಈಗ ಹಾರ್ನಿಮನ್ ಸರ್ಕಲ್ಲಿನ ದುಂಡನೆಯ ಉದ್ಯಾನವಿದೆ. ಮೊದಲು ಅದು ಬಯಲು, ಬಾಂಬೆ ಗ್ರೀನ್ ಎಂದು ಕರೆಯುತ್ತಿದ್ದರು. ಹತ್ತಿಯ ಅಂಡಿಗೆಗಳನ್ನು ಅಲ್ಲಿ ಗುಡ್ಡೆ ಹಾಕುತ್ತಿದ್ದರು. 1840ರ ದಶಕದಲ್ಲಿ ಹತ್ತಿಯ ವ್ಯಾಪಾರವನ್ನು ಕೊಲಾಬಾ ಕಡೆಗೆ ಸಾಗಿಸಿದರು. ಆದರೆ ಬಯಲಿನ ಆಲದ ಮರಗಳ ಕೆಳಗೆ 1850ರ ದಶಕದಲ್ಲಿ ಬೇರೆಯೇ ಒಂದು ಗುಂಪು ಸೇರತೊಡಗಿತು. ಅವರು ಷೇರು ದಲ್ಲಾಳಿಗಳು. ಮುಂದೆ 1875ರಲ್ಲಿ ಸಂಘ ಕಟ್ಟಿಕೊಂಡು ಇಂದಿನ ಬಾಂಬೆ ಸ್ಟಾಕ್ ಎಕ್ಸ್‌ಚೇಂಜಿಗೆ ಬುನಾದಿ ಹಾಕಿದವರು ಇವರೇ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತಾಗ, ಭಾರತದ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಧಾರವಾಡದ ಕಪ್ಪು ಮಣ್ಣಿನಲ್ಲಿ ಆ ಹೊತ್ತಿಗಾಗಲೇ ಅಮೆರಿಕದ ತಳಿಯನ್ನು ಬೆಳೆಯುತ್ತಿದ್ದರು. ಮುಂಬಯಿ ಪೇಟೆಯಲ್ಲಿ ಅದರ ಹೆಸರೇ ಧಾರವಾರ್-ಅಮೆರಿಕನ್. ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು, ಅಲ್ಲಿಂದ ಸಮುದ್ರದ ದಾರಿಯಲ್ಲಿ ಮುಂಬಯಿ ಸೇರುತ್ತಿತ್ತು. ಹುಬ್ಬಳ್ಳಿ-ಗದಗಿನ ರೈತ ಬಿಡಿಸಿದ ಹತ್ತಿಯ ಬೆಲೆಯ ಮೇಲೆ ಟೌನ್ ಹಾಲಿನ ಎದುರು ಜೂಜಿನಂಥ ವ್ಯಾಪಾರ ನಡೆಯಿತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಕಂಪನಿಗಳು ಮುಳುಗಿದವು, ಬ್ಯಾಂಕ್ ಆಫ್ ಬಾಂಬೆಯೇ ಉಳಿಯಲಿಲ್ಲ. ಆ ಹೊಡೆತ ಕುಮಟಾದ ದಕ್ಕೆಯ ತನಕವೂ ತಟ್ಟಿತು. ಕೆಲವೇ ವರ್ಷಗಳಲ್ಲಿ ಬಯಲಿನ ಸುತ್ತ ಒಂದೇ ಅಳತೆಯ ಮುಖವುಳ್ಳ ದುಂಡುಸಾಲಿನ ಕಟ್ಟಡಗಳು ಎದ್ದು, ಅದು ಎಲ್ಫಿನ್‌ಸ್ಟನ್ ಸರ್ಕಲ್ ಆಯಿತು. ಸ್ವಾತಂತ್ರ್ಯದ ನಂತರ ಬಾಂಬೆ ಕ್ರಾನಿಕಲ್ ಪತ್ರಿಕೆಯ ಸಂಪಾದಕ ಬಿ.ಜಿ. ಹಾರ್ನಿಮನ್ನರ ಹೆಸರು ಬಂತು. ನಮ್ಮವರ ಪರವಾಗಿ ಬರೆದು ಗಡೀಪಾರಾದ ಇಂಗ್ಲಿಷರು ಅವರು. ಆ ಹೆಸರು ಅಲ್ಲಿರುವುದು ನನಗೆ ಬಹಳ ಇಷ್ಟ.

ಇನ್ನು ಕಟ್ಟಡದ ಒಳಗಿನ ಮಾತು. ಟೌನ್ ಹಾಲ್ ಬೇಕೆಂದ ಮ್ಯಾಕಿಂಟಾಷರೇ 1804ರ ನವೆಂಬರ್ 26ರಂದು ಪರೇಲಿನಲ್ಲಿ ಕೆಲವು ಓದುಗರನ್ನು ಸೇರಿಸಿ ಲಿಟರರಿ ಸೊಸೈಟಿ ಆಫ್ ಬಾಂಬೆ ಎಂಬ ಕೂಟ ಕಟ್ಟಿದ್ದರು. ಅದು ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಶಾಖೆಯಾಯಿತು, ಸ್ವಾತಂತ್ರ್ಯದ ಮೇಲೆ ಲಂಡನ್ನಿನ ನಂಟು ಕಳಚಿಕೊಂಡಿತು, ಈಗ ಏಷ್ಯಾಟಿಕ್ ಸೊಸೈಟಿ ಆಫ್ ಮುಂಬಯಿ. 1830ರ ಸುಮಾರಿಗೆ, ಕಟ್ಟಡ ಪೂರ್ತಿಯಾಗುವ ಮೊದಲೇ, ತನ್ನ ಪುಸ್ತಕಗಳನ್ನು ಹೊತ್ತು ಇಲ್ಲಿಗೆ ಬಂದದ್ದು ಇಲ್ಲಿಯೇ ಬೇರುಬಿಟ್ಟಿತು. ಮುಂಬಯಿಯ ಜನ ಈಗ ಟೌನ್ ಹಾಲ್ ಎನ್ನುವುದಕ್ಕಿಂತ ಏಷ್ಯಾಟಿಕ್ ಎನ್ನುವುದೇ ಹೆಚ್ಚು. ನೃತ್ಯಕೂಟಗಳು ಮುಗಿದವು, ದರ್ಬಾರುಗಳು ಮುಗಿದವು, ಪುಸ್ತಕಗಳು ಉಳಿದವು.

ಆರಂಭದಲ್ಲಿ ಸೊಸೈಟಿಗೆ ಭಾರತೀಯರಿಗೆ ಪ್ರವೇಶವಿರಲಿಲ್ಲ. ಮಾಣೆಕ್‌ಜಿ ಕರ್ಸೆಟ್‌ಜಿ ಎಂಬ ಪಾರ್ಸಿ ಗೃಹಸ್ಥರು ಪಟ್ಟು ಬಿಡದೆ ಪ್ರಯತ್ನಿಸಿ, ವಿರೋಧವನ್ನು ಎದುರಿಸಿ, 1840ರಲ್ಲಿ ಮೊದಲ ಭಾರತೀಯ ಸದಸ್ಯರಾದರು. ಅಲ್ಲಿಂದ ಒಬ್ಬೊಬ್ಬರಾಗಿ ಬಂದರು. ವೈದ್ಯರೂ ವಿದ್ವಾಂಸರೂ ಆಗಿದ್ದ ಡಾ. ಭಾವು ದಾಜಿ ಬಂದರು. 1892ರಲ್ಲಿ ನ್ಯಾಯಮೂರ್ತಿ ಕಾಶೀನಾಥ ತ್ರ್ಯಂಬಕ ತೆಲಂಗರು ಮೊದಲ ಭಾರತೀಯ ಅಧ್ಯಕ್ಷರಾದರು. ಓದುವ ಹುಡುಗರಿಗೂ ಈ ಕಟ್ಟಡ ಆಸರೆಯಾಗಿತ್ತು. 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಹುಟ್ಟಿದಾಗ ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ. ಕಚೇರಿಗೆ ಜಾಗ ಕೊಟ್ಟದ್ದು ಈ ಟೌನ್ ಹಾಲ್. 1859ರಲ್ಲಿ ಮೊದಲ ಮೆಟ್ರಿಕ್ಯುಲೇಷನ್ ಪರೀಕ್ಷೆಯೂ ಇಲ್ಲಿಯೇ ನಡೆಯಿತು. ಪಾಸಾದ ಕೆಲವೇ ಹುಡುಗರಲ್ಲಿ ಮಹಾದೇವ ಗೋವಿಂದ ರಾನಡೆ ಮತ್ತು ರಾಮಕೃಷ್ಣ ಗೋಪಾಲ ಭಂಡಾರಕರ್ ಇದ್ದರು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಬರುವ ತನಕ ಧಾರವಾಡದ ಹುಡುಗರೆಲ್ಲ ಪದವಿ ಪಡೆಯುತ್ತಿದ್ದದ್ದು ಇದೇ ಮುಂಬಯಿ ವಿಶ್ವವಿದ್ಯಾಲಯದಿಂದ.

ಒಳಗೆ ಕಾಲಿಟ್ಟರೆ ಮೊದಲು ಎದುರಾಗುವುದು ಅಮೃತಶಿಲೆಯ ಆಳೆತ್ತರದ ಪ್ರತಿಮೆಗಳು. ಗವರ್ನರುಗಳಾಗಿದ್ದ ಎಲ್ಫಿನ್‌ಸ್ಟನ್ ಮತ್ತು ಮಾಲ್ಕಂ ಅವರದ್ದನ್ನು ಕಡೆದವರು ಲಂಡನ್ನಿನ ಹೆಸರಾಂತ ಶಿಲ್ಪಿ ಫ್ರಾನ್ಸಿಸ್ ಚಾಂಟ್ರಿ. ಅವರ ಜೊತೆಗೆ ಜಮ್ಶೇಟ್‌ಜಿ ಜೀಜೀಭಾಯ್ ಇದ್ದಾರೆ, ಪೇಟ ತೊಟ್ಟ ಜಗನ್ನಾಥ ಶಂಕರಶೇಟರೂ ಇದ್ದಾರೆ. ಮರದ ನೆಲ, ಸುರುಳಿ ಸುತ್ತಿ ಮೇಲೇರುವ ಕಬ್ಬಿಣದ ಏಣಿ, ಎತ್ತರದ ಕಪಾಟುಗಳು. ಒಂದು ಲಕ್ಷಕ್ಕೂ ಹೆಚ್ಚು ಪುಸ್ತಕ, ಸುಮಾರು ಮೂರು ಸಾವಿರ ಹಸ್ತಪ್ರತಿ. ಎಲ್ಫಿನ್‌ಸ್ಟನ್ ಕೊಟ್ಟುಹೋದ ದಾಂತೆಯ ಡಿವೈನ್ ಕಾಮಿಡಿಯ ಹಳೆಯ ಹಸ್ತಪ್ರತಿಯೂ ಅದರಲ್ಲಿ ಸೇರಿದೆ. ಇಟಲಿಯ ಮುಸೊಲಿನಿ ಅದಕ್ಕೆ ಹತ್ತು ಲಕ್ಷ ಪೌಂಡು ಕೊಡಲು ಮುಂದೆ ಬಂದಿದ್ದ, ಸೊಸೈಟಿಯವರು ಕೊಡಲಿಲ್ಲ ಎಂದು ಇಲ್ಲಿಯ ಹಳಬರು ಹೆಮ್ಮೆಯಿಂದ ಹೇಳುತ್ತಾರೆ.

ನನಗೆ ಅದಕ್ಕಿಂತ ಸೋಪಾರದ ಕರಂಡಕಗಳು ದೊಡ್ಡವು. 1882ರಲ್ಲಿ ಪಂಡಿತ ಭಗವಾನ್‌ಲಾಲ್ ಇಂದ್ರಜಿ, ಮುಂಬಯಿಯ ಉತ್ತರಕ್ಕಿರುವ ನಾಲಾ ಸೋಪಾರದಲ್ಲಿ ಒಂದು ಮಣ್ಣುದಿಬ್ಬ ಅಗೆಸಿದರು. ಬೌದ್ಧ ಸ್ತೂಪ ಸಿಕ್ಕಿತು. ಸ್ತೂಪದ ನಡುವೆ ಕಲ್ಲಿನ ಭರಣಿ. ಅದರ ಮುಚ್ಚಳ ಸರಿಸಿದರೆ ಒಳಗೆ ಎಂಟು ಕಂಚಿನ ಬುದ್ಧ ಪ್ರತಿಮೆಗಳು, ಅವುಗಳ ನಡುವೆ ತಾಮ್ರದ ಕರಂಡಕ. ತಾಮ್ರದೊಳಗೆ ಬೆಳ್ಳಿಯದು, ಬೆಳ್ಳಿಯೊಳಗೆ ಕಲ್ಲಿನದು, ಆಮೇಲೆ ಸ್ಫಟಿಕದ್ದು, ಅದರೊಳಗೆ ಚಿನ್ನದ್ದು. ಚಿನ್ನದ ಕರಂಡಕದಲ್ಲಿ ಇದ್ದದ್ದು ಮಣ್ಣಿನ ಪಾತ್ರೆಯ ಕೆಲವು ಚೂರು. ಬುದ್ಧನ ಭಿಕ್ಷಾಪಾತ್ರೆಯ ಚೂರುಗಳು ಎಂಬ ನಂಬಿಕೆಯಿಂದ ಅವನ್ನು ಹಾಗೆ ಒಂದರೊಳಗೊಂದು ಕಾಪಾಡಿದ್ದರು. ಆ ಚೂರುಗಳು ಈ ಕಟ್ಟಡದಲ್ಲಿವೆ.

ಮೆಟ್ಟಿಲು ಹತ್ತುವಂತೆ ನನ್ನನ್ನು ಮಾಡಿದವರು ರಾತ್ರಿಶಾಲೆಯ ಕನ್ನಡ ಮಾಷ್ಟ್ರು. ಹಗಲು ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತಿಕೆ, ರಾತ್ರಿ ನಮಗೆ ಪಾಠ. ಒಂದು ಸಂಜೆ ಸವದತ್ತಿಯನ್ನು ಆಳಿದ ರಟ್ಟರ ಬಗ್ಗೆ ಹೇಳುತ್ತಾ, “ಅವರ ಶಾಸನಗಳು ಮೊದಲು ಅಚ್ಚಾದ ಪುಸ್ತಕ ನೀನು ದಿನಾ ಚಹಾ ಕೊಡುವ ಜಾಗದಲ್ಲೇ ಉಂಟು ಮಾರಾಯ” ಅಂದರು. “ಒಳಗೆ ಬಿಡುತ್ತಾರಾ ಮಾಷ್ಟ್ರೇ?” ಅಂತ ಕೇಳಿದೆ. “ಬಿಡದೆ ಏನು? ನಿನ್ನ ಊರಿನ ಭಾಷೆಯದ್ದು ಅಲ್ವಾ ಅದು? ಒಂದು ಒಳ್ಳೆಯ ಅಂಗಿ ಹಾಕ್ಕೊಂಡು ಬಾ, ಶನಿವಾರ ನಾನೇ ಕರ್ಕೊಂಡು ಹೋಗ್ತೇನೆ” ಅಂದರು. ಕರೆದುಕೊಂಡು ಹೋದರು. ಅವರಿಗೆ ಅಲ್ಲಿ ಪರಿಚಯದವರಿದ್ದರು. ಚೀಟಿಯಲ್ಲಿ ಪುಸ್ತಕದ ಹೆಸರು, ನಂಬರು ಬರೆದು ಕೊಟ್ಟೆವು. ಪಟ್ಟಾವಾಲ ಅದನ್ನು ಒಳಗೊಯ್ದು ಸ್ವಲ್ಪ ಹೊತ್ತಿನ ಮೇಲೆ ದಪ್ಪನೆಯ ಒಂದು ಸಂಪುಟ ತಂದು ಮೇಜಿನ ಮೇಲಿಟ್ಟ. ಅಂಚುಗಳು ಕಂದಿ ಒಣ ಎಲೆಯ ಹಾಗಾಗಿದ್ದವು. ಮಾಷ್ಟ್ರು ತಾವೇ ಎರಡೂ ಕೈಯಿಂದ ಹಾಳೆ ತಿರುಗಿಸಿದರು, ನನಗೆ ಮುಟ್ಟಗೊಡಲಿಲ್ಲ.

ಅದು ಸೊಸೈಟಿಯ ಪತ್ರಿಕೆಯ ಹತ್ತನೆಯ ಸಂಪುಟ, 1870ರ ದಶಕದ್ದು. ಅದರಲ್ಲಿ ಜಾನ್ ಫೇಯ್ತ್‌ಫುಲ್ ಫ್ಲೀಟ್ ಎಂಬ ಯುವ ಅಧಿಕಾರಿ ಸವದತ್ತಿ ಮತ್ತು ಬೆಳಗಾವಿಯ ರಟ್ಟ ಅರಸರ ಸಂಸ್ಕೃತ ಮತ್ತು ಹಳಗನ್ನಡ ಶಾಸನಗಳನ್ನು ಒಟ್ಟಾಗಿ, ಪಾಠ ಮತ್ತು ಅನುವಾದದೊಂದಿಗೆ ಪ್ರಕಟಿಸಿದ್ದರು. ಫ್ಲೀಟ್ 1867ರಲ್ಲಿ ಭಾರತಕ್ಕೆ ಬಂದವರು, ಬೆಳಗಾವಿಯ ಕಡೆ ಶಿಕ್ಷಣ ಇಲಾಖೆಯಲ್ಲೂ ಆಡಳಿತದಲ್ಲೂ ಕೆಲಸ ಮಾಡಿದವರು. ಕುಂಡಿ ಮೂರು ಸಾವಿರ ಎಂಬ ನಾಡನ್ನು ಆಳಿದ ರಟ್ಟರ ವಂಶಾವಳಿ, ಅವರು ಬಸದಿಗಳಿಗೆ ಬಿಟ್ಟ ಭೂಮಿ, ಅವರ ರಾಜಧಾನಿ ಸುಗಂಧವರ್ತಿಯಿಂದ ವೇಣುಗ್ರಾಮಕ್ಕೆ, ಅಂದರೆ ಸವದತ್ತಿಯಿಂದ ಬೆಳಗಾವಿಗೆ ಸಾಗಿದ್ದು, ಇವೆಲ್ಲ ಹೊರಜಗತ್ತಿಗೆ ತಿಳಿದದ್ದು ಈ ಪುಟಗಳಿಂದ. ಹಿಂದಿನ ಸಂಪುಟದಲ್ಲಿ ಗೋವೆಯ ಕದಂಬರ ಶಾಸನಗಳಿವೆ. ಕವಿರಾಜಮಾರ್ಗವನ್ನು 1898ರಲ್ಲಿ ಸಂಪಾದಿಸಿದ ಕೆ.ಬಿ. ಪಾಠಕರು, ಅದನ್ನು ಬರೆದವನು ನೃಪತುಂಗನೇ ಎಂಬ ಚರ್ಚೆಯನ್ನು ಮುಂದುವರಿಸಿದ್ದೂ ಇದೇ ಪತ್ರಿಕೆಯಲ್ಲಿ.

ಫ್ಲೀಟರ ಇನ್ನೊಂದು ಕೆಲಸವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಬೈಕಳಾದ ಎಜುಕೇಷನ್ ಸೊಸೈಟಿ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿದ್ದ ಇಂಡಿಯನ್ ಆಂಟಿಕ್ವೆರಿ ಎಂಬ ಪತ್ರಿಕೆಯಲ್ಲಿ ಅವರು 1885ರಿಂದ ಕನ್ನಡ ಲಾವಣಿಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿ ಇದೆ, ಸಂಗ್ಯಾನ ಕೊಲೆಯ ಲಾವಣಿ ಇದೆ. ರಾಯಣ್ಣನನ್ನು ಗಲ್ಲಿಗೇರಿಸಿದ ಸರ್ಕಾರದ ಅಧಿಕಾರಿಯೇ ರಾಯಣ್ಣನ ಮೇಲಿನ ಹಾಡನ್ನು ಹಳ್ಳಿಯ ಹಾಡುಗಾರರ ಬಾಯಿಂದ ಬರೆಸಿಕೊಂಡು ಜೋಪಾನ ಮಾಡಿದರು. ಅವರಿಗಿಂತ ಮೊದಲಿನ ವಾಲ್ಟರ್ ಎಲಿಯಟ್ಟರ ಕತೆಯೂ ಹೀಗೆಯೇ. 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರ ಕೈಗೆ ಸೆರೆ ಸಿಕ್ಕವರು ಎಲಿಯಟ್. ಅವರು ಆಮೇಲೆ ಅದೇ ಸೀಮೆಯಲ್ಲಿ ಸುತ್ತಿ 595 ಶಾಸನಗಳ ಪ್ರತಿ ಮಾಡಿಸಿದರು. ಆಳಲು ಬಂದವರ ಮೇಲಿನ ನನ್ನ ಸಿಟ್ಟು ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಈ ಕೆಲಸಕ್ಕೆ ನಾನು ಕೈ ಮುಗಿಯುತ್ತೇನೆ. ಕಲ್ಲು ಓದಲು ಕೂತ ಸ್ಥಳೀಯ ಪಂಡಿತರಲ್ಲಿ ಎಷ್ಟೋ ಜನರ ಹೆಸರು ಮುಖಪುಟಕ್ಕೆ ಬರಲಿಲ್ಲ. ಕೈ ಮುಗಿಯುವಾಗ ಅವರೂ ನೆನಪಾಗುತ್ತಾರೆ.

ಮಾಷ್ಟ್ರು ತೀರಿಕೊಂಡು ಬಹಳ ಕಾಲವಾಯಿತು. ನಾನು ಬ್ಯಾಂಕಿನಲ್ಲಿ ಕೆಲಸ ಹಿಡಿದು, ಅಲ್ಲೇ ನಿವೃತ್ತನಾದೆ. ಊಟದ ಬಿಡುವಿನಲ್ಲಿ ಇಲ್ಲಿಗೆ ಬರುವ ರೂಢಿ ಮಾತ್ರ ಬಿಡಲಿಲ್ಲ. ಆ ಓದುವ ಕೋಣೆಯಲ್ಲಿ ಮರಾಠಿಯ ದೊಡ್ಡ ಲೇಖಕಿ ದುರ್ಗಾ ಭಾಗವತರನ್ನು ದೂರದಿಂದ ನೋಡಿದ್ದೇನೆ. ಪುಸ್ತಕಗಳ ರಾಶಿಯ ಹಿಂದೆ ತಲೆ ತಗ್ಗಿಸಿ ಕೂತಿರುತ್ತಿದ್ದರು. ಧರ್ಮಶಾಸ್ತ್ರದ ಇತಿಹಾಸವನ್ನು ಐದು ಸಂಪುಟಗಳಲ್ಲಿ ಬರೆದು ಭಾರತರತ್ನ ಪಡೆದ ಪಾಂಡುರಂಗ ವಾಮನ ಕಾಣೆಯವರ ಕೆಲಸಕ್ಕೂ ಈ ಗ್ರಂಥಾಲಯವೇ ಆಸರೆ. ಅವರ ಹೆಸರಿನ ಸಂಶೋಧನ ಸಂಸ್ಥೆ ಇಲ್ಲಿಯೇ ಇದೆ.

ಈ ಕಟ್ಟಡದಲ್ಲಿ ಇನ್ನೊಂದು ಗ್ರಂಥಾಲಯವೂ ಇದೆ, ಮಹಾರಾಷ್ಟ್ರ ಸರ್ಕಾರದ ಸೆಂಟ್ರಲ್ ಲೈಬ್ರರಿ. ಸಾಮಾನ್ಯ ಓದುಗರ ಕೋಣೆ ಅದು. ದಿನಪತ್ರಿಕೆ ಓದುವ ಮುದುಕರು, ಪರೀಕ್ಷೆಗೆ ಓದುವ ಹುಡುಗರು ಅಲ್ಲಿ ತುಂಬಿರುತ್ತಾರೆ. ಚಾಳಿನ ಒಂದೇ ಕೋಣೆಯಲ್ಲಿ ಆರೆಂಟು ಜನ ಮಲಗುವ ಮನೆಯ ಹುಡುಗನಿಗೆ ಮೇಜು, ಕುರ್ಚಿ, ಫ್ಯಾನು, ಮೌನ ಇವೆಲ್ಲ ಪುಕ್ಕಟೆ ಸಿಗುವುದು ಎಂದರೆ ಏನೆಂದು ನನಗೆ ಗೊತ್ತು. 1954ರಲ್ಲಿ ಭಾರತ ಸರ್ಕಾರ ತಂದ ಒಂದು ಕಾಯ್ದೆಯ ಪ್ರಕಾರ ದೇಶದಲ್ಲಿ ಯಾವ ಭಾಷೆಯಲ್ಲಿ ಪುಸ್ತಕ ಅಚ್ಚಾದರೂ ಪ್ರಕಾಶಕರು ತಮ್ಮ ಖರ್ಚಿನಲ್ಲಿ ಒಂದೊಂದು ಪ್ರತಿಯನ್ನು ನಾಲ್ಕು ಗ್ರಂಥಾಲಯಗಳಿಗೆ ಕಳಿಸಬೇಕು, ಪ್ರಕಟವಾದ ಮೂವತ್ತು ದಿನದೊಳಗೆ. ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನಿಮಾರಾ, ದೆಹಲಿ ಪಬ್ಲಿಕ್ ಲೈಬ್ರರಿ, ನಾಲ್ಕನೆಯದು ಮುಂಬಯಿಯ ಇದೇ ಸೆಂಟ್ರಲ್ ಲೈಬ್ರರಿ. ಅಂದರೆ ಗದಗಿನಲ್ಲೋ ಮೈಸೂರಿನಲ್ಲೋ ಪುತ್ತೂರಿನಲ್ಲೋ ಅಚ್ಚಾದ ಕನ್ನಡ ಪುಸ್ತಕಕ್ಕೆ ಈ ಗ್ರಂಥಾಲಯದಲ್ಲಿ ಕಾನೂನು ಕೊಟ್ಟ ಜಾಗವಿದೆ. ಎಲ್ಲ ಪ್ರಕಾಶಕರೂ ಕಳಿಸುವುದಿಲ್ಲ. ಅಂಚೆ ಖರ್ಚು, ಒಂದು ಪ್ರತಿಯ ಬೆಲೆ, ಯಾರು ಕೇಳುತ್ತಾರೆ ಎಂಬ ಉದಾಸೀನ. ದಯವಿಟ್ಟು ಕಳಿಸಿ. ನೂರು ವರ್ಷದ ಮೇಲೆ ನಿಮ್ಮ ಪುಸ್ತಕ ಬೇರೆಲ್ಲೂ ಸಿಗದೆ ಇಲ್ಲಿ ಸಿಗಬಹುದು. ಫ್ಲೀಟರ ಹತ್ತನೆಯ ಸಂಪುಟ ನಮಗೆ ಸಿಕ್ಕ ಹಾಗೆ.

ಕಟ್ಟಡ ಸರ್ಕಾರದ್ದು, ಇತ್ತೀಚಿನ ವರ್ಷಗಳಲ್ಲಿ ದುರಸ್ತಿಯಾಗಿ ಕಂಬಗಳು ಮತ್ತೆ ಬೆಳ್ಳಗಾಗಿವೆ. ಪುಸ್ತಕಗಳ ಸ್ಥಿತಿ ಅಷ್ಟು ಹಗುರದ್ದಲ್ಲ. ಸಮುದ್ರದ ಗಾಳಿಯ ತೇವ, ಹುಳ, ಹಳೆಯ ಕಾಗದದ ಆಮ್ಲ ಮೂರೂ ಸೇರಿ ಹಾಳೆಗಳನ್ನು ತಿನ್ನುತ್ತವೆ. ಒಂದು ಪುಸ್ತಕವನ್ನು ಬಿಚ್ಚಿ, ಹಾಳೆ ಹಾಳೆಯನ್ನೂ ತೊಳೆದು, ತೆಳು ಕಾಗದ ಅಂಟಿಸಿ ಮತ್ತೆ ಹೊಲಿಯುವುದಕ್ಕೆ ನುರಿತ ಕೈ ಬೇಕು, ಹಣವೂ ಬೇಕು. ಸೊಸೈಟಿಯ ಹತ್ತಿರ ಹಣ ಯಾವತ್ತೂ ಕಡಿಮೆಯೇ. ಹಾಗಾಗಿ ಪುಸ್ತಕವೊಂದನ್ನು ದತ್ತು ತೆಗೆದುಕೊಳ್ಳುವ ಯೋಜನೆ ಇಟ್ಟಿದ್ದಾರೆ. ನೀವು ಕೊಟ್ಟ ಹಣದಲ್ಲಿ ಒಂದು ಪುಸ್ತಕ ದುರಸ್ತಿಯಾಗುತ್ತದೆ. ಗ್ರಂಥ ಸಂಜೀವನಿ ಎಂಬ ಹೆಸರಿನಲ್ಲಿ ಹಳೆಯ ಪುಸ್ತಕ, ಹಸ್ತಪ್ರತಿ, ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಇಂಟರ್‌ನೆಟ್ಟಿಗೂ ಹಾಕುತ್ತಿದ್ದಾರೆ. ಮುಂಬಯಿ ಕನ್ನಡಿಗರ ಸಂಘಗಳು ವರ್ಷವರ್ಷವೂ ದೊಡ್ಡ ಸಮಾರಂಭ ಮಾಡುತ್ತವೆ, ಶಾಲು-ಹಾರಕ್ಕೆ ಧಾರಾಳವಾಗಿ ಖರ್ಚು ಮಾಡುತ್ತವೆ. ಒಂದು ವರ್ಷದ ಹಾರದ ಹಣದಲ್ಲಿ ಕನ್ನಡ ನಾಡಿಗೆ ಸಂಬಂಧಪಟ್ಟ ಒಂದು ಕಪಾಟನ್ನಾದರೂ ಉಳಿಸಬಹುದು. ಈ ಮಾತನ್ನು ನಾನು ಸಭೆಗಳಲ್ಲಿ ಹೇಳಿದ್ದೇನೆ, ಇಲ್ಲಿ ಬರೆದೂ ಹೇಳುತ್ತಿದ್ದೇನೆ.

ಊರಿಂದ ಮುಂಬಯಿಗೆ ಬಂದವರು ಗೇಟ್‌ವೇ ನೋಡುತ್ತಾರೆ, ಸಿದ್ಧಿವಿನಾಯಕನಿಗೆ ಹೋಗುತ್ತಾರೆ. ಅರ್ಧ ದಿನ ಇದಕ್ಕೂ ಇಟ್ಟುಕೊಳ್ಳಿ. ಸಿಎಸ್‌ಎಂಟಿ ಅಥವಾ ಚರ್ಚ್‌ಗೇಟಿನಲ್ಲಿ ಇಳಿದು ಫ್ಲೋರಾ ಫೌಂಟನ್ನಿನ ಕಡೆ ನಡೆದರೆ, ಅಲ್ಲಿಂದ ಹಾರ್ನಿಮನ್ ಸರ್ಕಲ್ ಹತ್ತು ನಿಮಿಷ. ದಾರಿಯಲ್ಲಿ 1718ರ ಸೇಂಟ್ ಥಾಮಸ್ ಚರ್ಚು ಸಿಗುತ್ತದೆ. 1822ರಿಂದ ನಡೆದುಬಂದ ಮುಂಬಯಿ ಸಮಾಚಾರ್ ಪತ್ರಿಕೆಯ ಕೆಂಪು ಕಟ್ಟಡವನ್ನೂ ನೋಡಿಕೊಳ್ಳಿ. ಗುರುತಿನ ಚೀಟಿ ಜೊತೆಗಿರಲಿ, ಕೆಲಸದ ದಿನ ಹೋಗಿ. ಬಾಗಿಲ ಹತ್ತಿರ ಕೂತವರಿಗೆ ಪುಸ್ತಕ ನೋಡಬೇಕೆಂದು ಹೇಳಿ. ಚೀಟಿಯಲ್ಲಿ ಹೀಗೆ ಬರೆಯಿರಿ: ಸೊಸೈಟಿಯ ಪತ್ರಿಕೆ, ಸಂಪುಟ 10, ಫ್ಲೀಟ್, ರಟ್ಟರ ಶಾಸನಗಳು.